ಕೇಬಲ್ ಬಿಟ್ಟು ಡಿಶ್ ಹಾಕಿಸುವ ಮುಂಚೆ ತೆಂಗಿನಮರ ನೋಡಿ

ನಮ್ಮದು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಹಂಚಿನ ಮನೆ. ಸುತ್ತ ಹನ್ನೊಂದು ತೆಂಗಿನಮರ. ಗಾಳಿಮಳೆಗೆ ಕೇಬಲ್ ವಯರ್ ಪದೇ ಪದೇ ತುಂಡಾಗುತ್ತಿತ್ತು ಅಂತ ಒಂದು ಫೆಬ್ರವರಿಯಲ್ಲಿ ಡಿಶ್ ಹಾಕಿಸಿದೆವು. ಮೇ ತನಕ ಏನೂ ತೊಂದರೆ ಇಲ್ಲ. ಜೂನ್ ಬಂದದ್ದೇ, ಅತ್ತೆಯ ಧಾರಾವಾಹಿಯ ಹೊತ್ತಿಗೆ ಸರಿಯಾಗಿ ಸಿಗ್ನಲ್ ಹೋಗತೊಡಗಿತು. ಮಳೆ ಬಿಟ್ಟ ಮೇಲೂ ಬರಲಿಲ್ಲ. ಏಣಿ ಹತ್ತಿ ನೋಡಿದರೆ, ಡಿಶ್‌ಗೆ ಅಡ್ಡವಾಗಿ ಹೊಸ ಮಡಲೊಂದು ಬಿಚ್ಚಿಕೊಂಡು ನೀರು ತೊಟ್ಟಿಕ್ಕಿಸುತ್ತಿತ್ತು.

ಹಾಗಾಗಿ ಯಾವ ಪ್ಯಾಕ್ ಅಂತ ಕೇಳುವ ಮುಂಚೆ ಆಕಾಶ ನೋಡಿ. ನಮ್ಮ ಕಡೆ ಡಿಶ್ ಕಡಲಿಗೆ ಬೆನ್ನು ಹಾಕಿ ಕೂರಬೇಕು. ಟಾಟಾ ಪ್ಲೇ ಉಪಗ್ರಹ ಇರುವುದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಡಿಡಿ ಫ್ರೀ ಡಿಶ್‌ನದು 93.5ರಲ್ಲಿ, ಏರ್‌ಟೆಲ್‌ನದು 108.2ರಲ್ಲಿ. ಉಡುಪಿ, ಮಂಗಳೂರಿನಿಂದ ನೋಡಿದರೆ ಮೊದಲನೆಯದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿದೆ. ಕೊನೆಯದು ಹೆಚ್ಚುಕಡಿಮೆ ಪೂರ್ವಕ್ಕೆ, 50 ಡಿಗ್ರಿಯ ಹತ್ತಿರ. ಪೂರ್ವಕ್ಕೆ ಮರದ ಸಾಲಿದ್ದರೆ ಎತ್ತರದಲ್ಲಿರುವ ಉಪಗ್ರಹವೇ ಒಳ್ಳೆಯದು. ಡಿಶ್ ನೋಡಲು ನೆಟ್ಟಗೆ ನಿಂತ ಹಾಗೆ ಕಾಣುತ್ತದೆ, ಆದರೆ ಅದರ ದೃಷ್ಟಿ ಇನ್ನೂ ಮೇಲಕ್ಕಿರುತ್ತದೆ. ಅಂದಾಜಿನಲ್ಲಿ ನಾವು ಮೋಸ ಹೋಗುವುದು ಇಲ್ಲೇ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಮಾರ್ಚ್ ಮಧ್ಯದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಯಲ್ಲಿ, ಬೆಳಿಗ್ಗೆ 10ರಿಂದ 12ರ ನಡುವೆ ಸೂರ್ಯ ಈ ಉಪಗ್ರಹಗಳಿರುವ ದಾರಿಯಲ್ಲೇ ಹಾದುಹೋಗುತ್ತಾನೆ. ಡಿಶ್ ಇಡಬೇಕೆಂದಿರುವ ಜಾಗದಲ್ಲಿ ಆ ಎರಡು ಗಂಟೆ ಮರದ ನೆರಳು ಬೀಳದಿದ್ದರೆ ಆ ಜಾಗ ಸರಿ. ನಾನು ಅಂಗಳದಲ್ಲಿ ಸ್ಟೂಲ್ ಇಟ್ಟು, ಅದನ್ನು ನಾಲ್ಕು ಕಡೆ ಸರಿಸಿ ನೋಡಿದೆ. ಕೊನೆಗೆ ಬಾವಿಕಟ್ಟೆಯ ಪಕ್ಕದ ಬಚ್ಚಲುಮನೆಯ ಕಾಂಕ್ರೀಟ್ ತಾರಸಿಯೇ ಸರಿಹೋಯಿತು. ಮಡಲು ಬೆಳೆಯುತ್ತದೆ ಅಲ್ವಾ, ಅದಕ್ಕೂ ಸ್ವಲ್ಪ ಜಾಗ ಬಿಡಿ.

ಹಂಚಿನ ಕೆಳಗಿನ ಮರದ ಪಕ್ಕಾಸಿಗೆ ಡಿಶ್ ಬಿಗಿಯಲು ಬಿಡಬೇಡಿ, ಗಾಳಿಗೆ ಅಲುಗಾಡುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯಲ್ಲೂ ಬೋಲ್ಟ್ ಗಟ್ಟಿಯಾಗಿ ಕೂರುವುದಿಲ್ಲ. ಮಾಮೂಲಿ 60 ಸೆಂ.ಮೀ. ಡಿಶ್‌ಗಿಂತ ದೊಡ್ಡದು ಸಿಗುತ್ತದಾ ಕೇಳಿ, ಮಳೆಯಲ್ಲಿ ಸ್ವಲ್ಪ ಜಾಸ್ತಿ ತಡೆಯುತ್ತದೆ. ಆದರೂ ಜಡಿಮಳೆ ಹೊಡೆಯುವಾಗ ಹತ್ತು ನಿಮಿಷ ಚಿತ್ರ ಹೋಗುವುದು ಇದ್ದದ್ದೇ. ಅಷ್ಟು ದಪ್ಪ ಮಳೆಯನ್ನು ದಾಟುವಾಗ ಸಿಗ್ನಲ್ ಸೊರಗಿಹೋಗುತ್ತದೆ.

ವಯರ್ ನಡುವೆ ಜೋಡಣೆ ಇಲ್ಲದೆ ಒಂದೇ ತುಂಡಾಗಿರಲಿ. ಒಳಗೆ ಬರುವ ಜಾಗದಲ್ಲಿ ಕೆಳಕ್ಕೆ ಒಂದು ಬಾಗು ಕೊಡಿಸಿ, ನೀರು ಅಲ್ಲೇ ಬಿದ್ದುಹೋಗುತ್ತದೆ. ಕೆಲಸ ಮುಗಿದ ಮೇಲೆ ಟೀವಿಯಲ್ಲಿ ಸಿಗ್ನಲ್ ಕ್ವಾಲಿಟಿ ತೋರಿಸಲು ಹೇಳಿ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಮುಂದೆ ದೂರು ಕೊಡುವಾಗ ಬೇಕಾಗುತ್ತದೆ. ಸಿಡಿಲು ಬರುವ ಸಂಜೆಗಳಲ್ಲಿ ಬಾಕ್ಸಿನ ಹಿಂದಿನ ವಯರನ್ನೂ ಬಿಚ್ಚಿಡಿ, ಪ್ಲಗ್ ತೆಗೆದರಷ್ಟೇ ಸಾಲದು.

ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಅವಕಾಶ 2019ರಿಂದ ಇದೆ. ಸುಮ್ನೆ ದೊಡ್ಡ ಪ್ಯಾಕ್ ತೆಗೆದುಕೊಳ್ಳಬೇಡಿ. ತಿಂಗಳ ಬಾಡಿಗೆಯೇ ಬೇಡ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಸಾಕು, ಚಂದನ ಅದರಲ್ಲಿ ಬರುತ್ತದೆ.

ಕೇಬಲ್‌ನವರಿಗೆ ಮಾತ್ರ ಕೂಡಲೇ ಬೇಡ ಅನ್ನಬೇಡಿ. ಒಂದು ತಿಂಗಳು ಎರಡೂ ಇರಲಿ. ನಮ್ಮೂರಿನ ತುಳು ಚಾನೆಲ್‌ಗಳು ಕೇಬಲ್‌ನಲ್ಲಿ ಬರುತ್ತವೆ, ಡಿಶ್ ಹಾಕಿದ ಮೇಲೆ ಅವು ಸಿಗುತ್ತವಾ ಅಂತ ಮೊದಲೇ ಕೇಳಿ. ನಮಗೆ ಸಿಗಲಿಲ್ಲ. ಈಗ ಯಕ್ಷಗಾನ ಇದ್ದ ದಿನ ಮಗ ಮೊಬೈಲ್‌ನಲ್ಲಿ ಯೂಟ್ಯೂಬ್ ಹಾಕಿ, ಅತ್ತೆಯ ಮಂಚದ ಹತ್ತಿರ ಲೋಟಕ್ಕೆ ಒರಗಿಸಿ ಇಡುತ್ತಾನೆ.