ಮಾತಿನ ಮಧ್ಯೆ ರೌಟರ್ ಆಫ್ ಮಾಡಿಸಿದೆ: ಆನ್‌ಲೈನ್ ಸಮ್ಮೇಳನಕ್ಕೆ ಸ್ಪೀಕರ್‌ಗಳನ್ನು ತಯಾರು ಮಾಡಿದ ನನ್ನ ಅನುಭವ

ರಿಹರ್ಸಲ್‌ನಲ್ಲಿ ಹೀಗೆಲ್ಲ ಕಾಟ ಕೊಟ್ಟರೆ ಸ್ಪೀಕರ್‌ಗಳು ಓಡಿಹೋಗುತ್ತಾರೆ ಎಂದು ನಮ್ಮ ತಂಡದವರು ಹೇಳಿದ್ದರು. ಯಾರೂ ಓಡಿಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಜಂಬ ಇದ್ದರೆ ಸಹಿಸಿಕೊಳ್ಳಿ.

ನಾವು ಐದು ಜನ ಸೇರಿ ಕನ್ನಡದಲ್ಲೇ ಎರಡು ದಿನದ ಆನ್‌ಲೈನ್ ಟೆಕ್ ಸಮ್ಮೇಳನ ಮಾಡುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಶುರುವಾಗಿದ್ದು. ನಾಲ್ವರು ಡೆವಲಪರ್‌ಗಳು, ನಾನೊಬ್ಬಳು ಸಾಫ್ಟ್‌ವೇರ್ ಟೆಸ್ಟರ್. ಸ್ಪೀಕರ್‌ಗಳನ್ನು ತಯಾರು ಮಾಡುವ ಕೆಲಸ ನನ್ನ ತಲೆಗೆ ಬಂತು, ಯಾಕೆಂದರೆ ಅದು ಬೇರೆ ಯಾರಿಗೂ ಬೇಕಿರಲಿಲ್ಲ. ಲೈವ್ ಪ್ರಸಾರಕ್ಕೆ ಬಳಸುವ ಒಬಿಎಸ್ ಸಾಫ್ಟ್‌ವೇರ್, ಅದರ ಸೆಟ್ಟಿಂಗ್ ಇದರ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಮೊದಲ ಸಲ, 2020ರ ಆಗಸ್ಟ್‌ನಲ್ಲಿ, ಹದಿನಾಲ್ಕು ಮಾತು ಇಟ್ಟಿದ್ದೆವು. ನೆಟ್ಟಗೆ ನಡೆದದ್ದು ಐದೋ ಆರೋ. ನಾನು ಒಂಬತ್ತು ಪುಟದ ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿದ್ದೆ. ಬೆಳಕು ಎಲ್ಲಿಂದ ಬರಬೇಕು, ಮೈಕ್ ಎಷ್ಟು ದೂರ, ಹಿಂದೆ ಏನಿರಬೇಕು, ಎಲ್ಲ. ಪೂರ್ತಿ ಓದಿದ್ದು ಒಬ್ಬರೇ, ಶಿರಸಿ ಕಡೆಯವರು. ನಾನು ಬರೆದ ಹಾಗೇ ಕಿಟಕಿ ಪಕ್ಕ, ಒಳ್ಳೆ ಬೆಳಕಿರುವ ಜಾಗದಲ್ಲಿ ಕೂತರು. ಮೇಲೆ ತಗಡಿನ ಮಾಡು. ಆಗಸ್ಟ್ ತಿಂಗಳು. ಅವರು ಬಾಯಿ ತೆರೆದು ಎರಡು ನಿಮಿಷಕ್ಕೆ ಮಳೆ ಶುರುವಾಯಿತು. ನಾವು ಹಿನ್ನೆಲೆ ಸದ್ದು ತೆಗೆಯುವ ನಾಯ್ಸ್ ಸಪ್ರೆಶನ್ ಜಾಸ್ತಿ ಮಾಡಿಸಿದೆವು, ಮಳೆಯ ಜೊತೆ ಅವರ ಮಾತೂ ಹೋಯಿತು. ಅರ್ಧ ಗಂಟೆ ಜನ ಒಬ್ಬ ಮನುಷ್ಯ ಬಾಯಿ ಆಡಿಸುವುದನ್ನು ನೋಡಿದರು. ಪಿಡಿಎಫ್ ಅಲ್ಲಿಗೇ ಸತ್ತಿತು.

ಇನ್ನೊಬ್ಬರು ತಮ್ಮ ಮಾತು ಹೇಗೆ ಬರುತ್ತಿದೆ ನೋಡೋಣ ಎಂದು ಪಕ್ಕದ ಟ್ಯಾಬ್‌ನಲ್ಲಿ ಯೂಟ್ಯೂಬ್ ತೆರೆದರು. ಲೈವ್ ಇಪ್ಪತ್ತು ಸೆಕೆಂಡ್ ಹಿಂದೆ ಓಡುತ್ತಿತ್ತು. ತಮ್ಮದೇ ದನಿ ಕೇಳಿ, "ಯಾರೋ ಮಧ್ಯೆ ಮಾತಾಡ್ತಿದಾರೆ, ಸ್ವಲ್ಪ ಮ್ಯೂಟ್ ಮಾಡ್ಕೊಳಿ" ಎಂದರು. ಇಪ್ಪತ್ತು ಸೆಕೆಂಡ್ ಆದಮೇಲೆ ಆ ವಾಕ್ಯವೂ ಅವರಿಗೇ ವಾಪಸ್ ಬಂತು. ಮತ್ತೊಬ್ಬರು ಪೂರ್ತಿ ಸ್ಕ್ರೀನ್ ಶೇರ್ ಮಾಡಿ ಡೇಟಾಬೇಸ್ ಇಂಡೆಕ್ಸ್ ವಿವರಿಸುತ್ತಿದ್ದರು, ಮೂಲೆಯಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಎದ್ದಿತು: "ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ." ಮನೆಯಲ್ಲೇ ಕೂತಿದ್ದಾರೆ, ಎಲ್ಲಿಂದ ಬರುವುದು? ಚಾಟ್‌ನಲ್ಲಿ ಇಂಡೆಕ್ಸ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ, ಸೊಪ್ಪಿನ ಬಗ್ಗೆ ಹತ್ತು ಬಂದವು.

2021ರಲ್ಲಿ ನಾವು ದುಡ್ಡು ಸುರಿದೆವು. ಒಂದು ಇವೆಂಟ್ ಕಂಪನಿಯವರನ್ನು ಕೇಳಿದರೆ ಎರಡು ದಿನಕ್ಕೆ ಒಂದೂ ಮುಕ್ಕಾಲು ಲಕ್ಷ ಎಂದರು. ಬೇಡ, ನಾವೇ ಮಾಡೋಣ ಎಂದು ಎಂಟು ಕಿಟ್ ತಯಾರು ಮಾಡಿದೆ. ಕಾಲರ್ ಮೈಕ್ ಒಂಬೈನೂರು, ಹದಿನೈದು ಮೀಟರ್ ಲ್ಯಾನ್ ಕೇಬಲ್ ನಾನೂರು, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಎಂಟುನೂರು, ರೌಟರ್‌ಗೆ ಹಾಕುವ ಪುಟ್ಟ ಯುಪಿಎಸ್ ಸಾವಿರದೈನೂರು. ಕೊರಿಯರ್ ಸೇರಿ ಮೂವತ್ತು ಸಾವಿರ ದಾಟಿತು. ಜೇಬಿನಿಂದಲೇ.

ಆ ಕಿಟ್‌ನಿಂದ ಕಲಿತದ್ದು ಜಾಸ್ತಿ ತಪ್ಪುಗಳನ್ನೇ. ಕಾಲರ್ ಮೈಕ್‌ನಲ್ಲಿ ಕ್ಯಾಮೆರಾಗೆ, ಫೋನಿಗೆ ಅಂತ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅರ್ಧ ಜನ ತಪ್ಪು ಕಡೆ ಇಟ್ಟಿದ್ದರು, ಲ್ಯಾಪ್‌ಟಾಪ್ ಸದ್ದಿಲ್ಲದೆ ತನ್ನ ಒಳಗಿನ ಮೈಕನ್ನೇ ತಗೊಂಡಿತು, ಅವರು ಮಾತ್ರ ಕಾಲರ್ ಹಿಡಿದು ಮಾತಾಡುತ್ತಿದ್ದರು. ಈಗ ನಾನು ಮೈಕ್ ಟೆಸ್ಟ್‌ಗೆ "ಹಲೋ ಹಲೋ" ಎನ್ನಿಸುವುದಿಲ್ಲ. ಮೈಕ್ ಮೇಲೆ ಉಗುರಿನಿಂದ ಕೆರೆಯಿರಿ ಎನ್ನುತ್ತೇನೆ. ನನಗೆ ಕರಕರ ಕೇಳಿದರೆ ಸರಿ, ಇಲ್ಲದಿದ್ದರೆ ಸ್ವಿಚ್ ನೋಡಿ. ಎರಡು ಸೆಕೆಂಡ್ ಕೆಲಸ.

ಯುಪಿಎಸ್ ಕಥೆ ಇನ್ನೂ ಚೆನ್ನಾಗಿದೆ. ಫೈಬರ್ ಇರುವ ಎಷ್ಟೋ ಮನೆಗಳಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ ಬೇರೆ, ವೈಫೈ ರೌಟರ್ ಬೇರೆ. ರೌಟರ್‌ಗೆ ಮಾತ್ರ ಯುಪಿಎಸ್ ಹಾಕಿದರೆ ಕರೆಂಟ್ ಹೋದಾಗ ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಸ್ಪೀಕರ್ ಪಾಪ ಖುಷಿಯಾಗಿ ಮಾತಾಡುತ್ತಲೇ ಇರುತ್ತಾರೆ. ಜೊತೆಗೆ ಕೆಲವು ರೌಟರ್ 12 ವೋಲ್ಟ್, ಕೆಲವು 9. ಹಾಗಾಗಿ ಈಗ ಮೊದಲು ಕೇಳುವುದು ಎರಡೂ ಪೆಟ್ಟಿಗೆಗಳ ಪವರ್ ಅಡಾಪ್ಟರ್‌ಗಳ ಫೋಟೋ, ಸ್ಪೀಕರ್‌ನ ಫೋಟೋ ಆಮೇಲೆ.

ಆ ವರ್ಷದ ದೊಡ್ಡ ಎಡವಟ್ಟು ಮಾತ್ರ ನನ್ನದೇ. ಸಮ್ಮೇಳನ ನವೆಂಬರ್ 6 ಮತ್ತು 7, ದೀಪಾವಳಿಯ ಬೆನ್ನಿಗೆ. ಪಟಾಕಿ ಸದ್ದಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ, ಅದು ಅಷ್ಟೇನೂ ಆಗಲಿಲ್ಲ. ಭಾನುವಾರ ಸಂಜೆ 7ಕ್ಕೆ ಕೊನೆಯ ಮಾತು, ಸಿಯಾಟಲ್‌ನಲ್ಲಿರುವ ಹಾಸನದ ಹುಡುಗನದ್ದು. ಅಕ್ಟೋಬರ್‌ನಲ್ಲೇ ಲೆಕ್ಕ ಹಾಕಿ "ನಿಮಗೆ ಬೆಳಗ್ಗೆ 6.30" ಎಂದು ಬರೆದು ಕಳಿಸಿದ್ದೆ. ಅದೇ ಭಾನುವಾರ ಬೆಳಗಿನ ಜಾವ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಅವನು ನಾನು ಹೇಳಿದ ಟೈಮಿಗೆ ಸರಿಯಾಗಿ, ಸ್ನಾನ ಮಾಡಿ, ಶರ್ಟ್ ಇಸ್ತ್ರಿ ಮಾಡಿಕೊಂಡು 6.30ಕ್ಕೆ ಬಂದ. ನಮಗೆ ರಾತ್ರಿ 8. ಆ ಒಂದು ಗಂಟೆ ನಾವು ನಾಲ್ವರು ಕ್ಯಾಮೆರಾ ಮುಂದೆ ಕೂತು ಕೋಡ್ ಬರೆಯಲು ಎಡಿಟರ್ ಯಾವುದು ಒಳ್ಳೆಯದು ಅಂತ ಜಗಳ ಆಡಿದೆವು. ಈಗ ಕೈಲಿ ಟೈಮ್ ಬರೆಯುವುದೇ ಇಲ್ಲ, ಕ್ಯಾಲೆಂಡರ್ ಇನ್ವೈಟ್ ಮಾತ್ರ.

ಇದಾದ ಮೇಲೆ ತಂಡದಲ್ಲಿ ಒಂದೇ ಮಾತು: ಎಲ್ಲ ಮೊದಲೇ ರೆಕಾರ್ಡ್ ಮಾಡಿಸಿ ಪ್ಲೇ ಮಾಡೋಣ. 2021ರಲ್ಲೇ ಮೂರು ಮಾತು ಹಾಗೆ ಮಾಡಿ ನೋಡಿದ್ದೆವು. ವಿಡಿಯೋ ಚೆನ್ನಾಗಿತ್ತು, ಆದರೆ ಚಾಟ್ ಮಸಣ. ನೂರೆಂಬತ್ತು ಜನ ಇದ್ದದ್ದು ಅರವತ್ತಕ್ಕೆ ಬಂತು ಅಂತ ನೆನಪು. ರೆಕಾರ್ಡಿಂಗ್ ಎಂದು ಜನಕ್ಕೆ ಗೊತ್ತಾಗಿಬಿಡುತ್ತದೆ, ಆಮೇಲೆ ನೋಡಿದರಾಯಿತು ಎಂದು ಎದ್ದು ಹೋಗುತ್ತಾರೆ. ನಾನು ಲೈವೇ ಆಗಬೇಕು ಎಂದು ಹಠ ಹಿಡಿದೆ. ಆಗ ನನ್ನ ಆಫೀಸ್ ಕೆಲಸವೇ ನೆನಪಿಗೆ ಬಂತು. ಸಾಫ್ಟ್‌ವೇರ್ ಸರಿಯಾಗಿ ಓಡುತ್ತದಾ ಅಂತ ನಾವು ಅದನ್ನು ಬೇಕಂತಲೇ ಕೆಡಿಸಿ ನೋಡುವುದಿಲ್ಲವೇ? ಸ್ಪೀಕರ್‌ಗಳನ್ನು ಮಾತ್ರ ಯಾಕೆ ಹೂವಿನ ಹಾಗೆ ಹಿಡಿದುಕೊಳ್ಳುತ್ತಿದ್ದೇವೆ?

2022ರ ಡಿಸೆಂಬರ್‌ನ ಸಮ್ಮೇಳನಕ್ಕೆ ಹೀಗೆ ಮಾಡಿದೆ. ಪ್ರತಿ ಸ್ಪೀಕರ್‌ಗೆ ಎರಡು ರಿಹರ್ಸಲ್. ಅದೇ ಕೋಣೆ, ಅದೇ ಕುರ್ಚಿ, ಮಾತಿರುವ ಹೊತ್ತಿಗೇ. ಬೆಳಗ್ಗೆ 11ಕ್ಕೆ ಮಾತಿದ್ದರೆ ರಿಹರ್ಸಲ್ ಕೂಡ ಭಾನುವಾರ 11ಕ್ಕೇ, ಆಗ ತಾನೆ ಪಕ್ಕದ ಮನೆಯ ಮಿಕ್ಸಿ, ಎದುರಿನ ಕಟ್ಟಡದ ಗ್ರೈಂಡಿಂಗ್ ಮಷಿನ್ ಎಲ್ಲ ಗೊತ್ತಾಗುವುದು. ಅವರು ಮಾತಿನ ಲಯಕ್ಕೆ ಬಂದ ಮೇಲೆ, ಎಂಟನೆಯದೋ ಹತ್ತನೆಯದೋ ನಿಮಿಷಕ್ಕೆ, "ಈಗ ರೌಟರ್ ಸ್ವಿಚ್ ಆಫ್ ಮಾಡಿ" ಎನ್ನುತ್ತೇನೆ.

"ಮೇಡಂ, ನಿಜವಾಗ್ಲೂ ಆಫ್ ಮಾಡ್ಬೇಕಾ?"

"ಹೌದು ಸರ್, ನಿಜವಾಗ್ಲೂ."

ಮೊದಲ ರಿಹರ್ಸಲ್‌ನಲ್ಲಿ ವಾಪಸ್ ಬರಲು ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿದ್ದರು. ಹಾಟ್‌ಸ್ಪಾಟ್ ಪಾಸ್‌ವರ್ಡ್ ಮರೆತಿರುತ್ತದೆ, ಫೋನ್ ಹೆಂಡತಿಯ ಕೈಲಿರುತ್ತದೆ, ಲಿಂಕ್ ಯಾವ ಮೇಲ್‌ನಲ್ಲಿದೆ ಗೊತ್ತಿರುವುದಿಲ್ಲ. ಒಬ್ಬರಂತೂ ಹನ್ನೊಂದು ನಿಮಿಷ. ಎರಡನೆಯ ರಿಹರ್ಸಲ್‌ಗೆ ಬಹುತೇಕ ಎಲ್ಲರೂ ಒಂದು ನಿಮಿಷದ ಒಳಗೆ ಬಂದರು.

ಅದಕ್ಕಿಂತ ಮುಖ್ಯವಾದದ್ದು ಫೋನಿನ ಏರ್ಪಾಡು. ಸ್ಪೀಕರ್‌ನ ಫೋನ್ ಮಾತು ಶುರುವಾಗುವ ಮೊದಲೇ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ, ಬೇರೆ ಹೆಸರಿನಲ್ಲಿ ಕಾಲ್‌ಗೆ ಸೇರಿರುತ್ತದೆ. ಕ್ಯಾಮೆರಾ ಇಲ್ಲ, ಮ್ಯೂಟ್, ವಾಲ್ಯೂಮ್ ಸೊನ್ನೆ. ಸೊನ್ನೆ ಮಾಡದಿದ್ದರೆ ಕಿರ್ರೋ ಎನ್ನುತ್ತದೆ, ಗೊತ್ತಲ್ಲ. ಲ್ಯಾಪ್‌ಟಾಪ್ ಬಿದ್ದ ತಕ್ಷಣ ಫೋನಿನ ಮ್ಯೂಟ್ ತೆಗೆದು ಮಾತು ಮುಂದುವರಿಸಬೇಕು. ಸ್ಲೈಡ್‌ಗಳ ಪಿಡಿಎಫ್ ನಮ್ಮ ಹತ್ತಿರ ಇರುತ್ತದೆ, ನಾವೇ ತೋರಿಸುತ್ತೇವೆ. ಚಿತ್ರ ನಿಂತರೆ ಜನ ಕಾಯುತ್ತಾರೆ, ದನಿ ನಿಂತರೆ ಕಾಯುವುದಿಲ್ಲ.

ಇನ್ನೊಂದು ಸಮಸ್ಯೆ ನಾನು ಅಂದುಕೊಂಡೇ ಇರಲಿಲ್ಲ. ಕನ್ನಡ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್‌ನಲ್ಲಿ ಇದನ್ನೇ ಮಾತಾಡುವವರು ಕನ್ನಡದಲ್ಲಿ ಹೇಳಿ ಎಂದರೆ ತಡವರಿಸುತ್ತಾರೆ. ಕೆಲವರು ಒಂದು ವಾರ ಕೂತು ಪದ ಹುಡುಕಿಕೊಂಡು ಬರುತ್ತಾರೆ, ದತ್ತಾಂಶ, ಯಂತ್ರ ಕಲಿಕೆ ಅಂತೆಲ್ಲ. ಮಾತಾಡುವಾಗ ಆ ಪದ ಬಂದಲ್ಲೆಲ್ಲ ಎಡವುತ್ತಾರೆ. ನಾನು ಹೇಳುವುದು ಇಷ್ಟೇ, ನಿಮ್ಮ ಬಾಯಿಗೆ ಬರುವ ಪದವೇ ಸರಿ, ಡೇಟಾ ಎನ್ನಿ, ಸರ್ವರ್ ಎನ್ನಿ, ಕ್ರಿಯಾಪದ ಕನ್ನಡದಲ್ಲಿದ್ದರೆ ಸಾಕು. ಇನ್ನು ಸಮಯ: ಇಂಗ್ಲಿಷ್‌ನಲ್ಲಿ ಇಪ್ಪತ್ತು ನಿಮಿಷದ ಮಾತು ಅವರಿಗೆ ಮೊದಲ ಸಲ ಕನ್ನಡದಲ್ಲಿ ಇಪ್ಪತ್ತಾರು ನಿಮಿಷ ಆಗುತ್ತದೆ. ಸುಮ್ನೆ ನಾಲ್ಕು ಸ್ಲೈಡ್ ಕಿತ್ತು ಹಾಕಿಸುತ್ತೇನೆ. ಯಾವ ನಾಲ್ಕು ಎಂದು ನಾನು ಹೇಳುವುದಿಲ್ಲ, ನಿಮ್ಮ ಅಮ್ಮನಿಗೋ ಅಣ್ಣನಿಗೋ ಒಮ್ಮೆ ಈ ಮಾತು ಹೇಳಿ, ಅವರು ಎಲ್ಲಿ ಫೋನ್ ಕೈಗೆ ತಗೊಂಡರೋ ಆ ಸ್ಲೈಡ್ ತೆಗೆಯಿರಿ ಎನ್ನುತ್ತೇನೆ. ಒಬ್ಬರ ಅಮ್ಮ ಮೊದಲ ಸ್ಲೈಡ್‌ಗೇ ಎದ್ದು ಒಲೆ ಆರಿಸಲು ಹೋದರಂತೆ. ಅದು "ನನ್ನ ಪರಿಚಯ" ಸ್ಲೈಡ್. ಅಂದಿನಿಂದ ಎಲ್ಲರಿಗೂ ಪರಿಚಯದ ಸ್ಲೈಡ್ ರದ್ದು.

ಡೆಮೋ ವಿಷಯಕ್ಕೆ ಬಂದರೆ, ಸ್ಟೇಜ್ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಬಾರದು, ಡಾಕರ್ ಇಮೇಜ್ (ಡೆಮೋಗೆ ಬೇಕಾದ ಸಾಫ್ಟ್‌ವೇರ್‌ನ ಸಿದ್ಧ ಕಟ್ಟು) ಮೊದಲೇ ಇಳಿಸಿಕೊಂಡಿರಬೇಕು, ಇದೆಲ್ಲ ಹಳೇ ಪಾಠ. ಕನ್ನಡದವರಿಗೆ ಒಂದು ವಿಶೇಷ ತಲೆನೋವು ಇದೆ. ಒಬ್ಬರು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಪಠ್ಯದ ಬಗ್ಗೆ ಹೇಳುತ್ತಿದ್ದರು. ಕ್ಷ ಎನ್ನುವ ಒಂದೇ ಅಕ್ಷರದ ಉದ್ದ ಕೇಳಿದರೆ ಪೈಥಾನ್ 3 ಎನ್ನುತ್ತದೆ, ಯಾಕೆಂದರೆ ಅದಕ್ಕೆ ಕ, ಅರ್ಧಾಕ್ಷರದ ಚಿಹ್ನೆ (್), ಷ ಬೇರೆ ಬೇರೆ. ಒಳ್ಳೆ ಉದಾಹರಣೆ. ಆದರೆ ಅವರ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿ ಕಾಣುತ್ತಿದ್ದವು, ಬಹಳಷ್ಟು ಟರ್ಮಿನಲ್‌ಗಳ ಹಣೆಬರಹ ಇದೇ. ರಿಹರ್ಸಲ್‌ನಲ್ಲೇ ಸಿಕ್ಕಿಬಿತ್ತು. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ನೋಟ್‌ಬುಕ್ ತೆರೆಸಿ ಅಲ್ಲೇ ತೋರಿಸಿದೆವು. ಅಕ್ಷರದ ಗಾತ್ರ ನಾನು ಅಳೆಯುವುದು ನನ್ನ ಫೋನಿನಲ್ಲಿ, ಕೈ ಚಾಚಿ ಹಿಡಿದು. ನನಗೆ ಚಾಳೀಸು ಬಂದಿದೆ, ಹಾಗಾಗಿ ಒಳ್ಳೆ ಅಳತೆಗೋಲು.

ಅಡ್ಡ ಪ್ರಯೋಗಗಳೂ ಆದವು. ಗಾಜಿನ ಹಲಗೆ, ಹಳೇ ಟ್ಯಾಬ್ಲೆಟ್ ಇಟ್ಟು ಟೆಲಿಪ್ರಾಂಪ್ಟರ್ ಮಾಡಿದೆ, ಆರುನೂರು ರೂಪಾಯಿ. ಸ್ಪೀಕರ್‌ಗಳು ವಾರ್ತೆ ಓದುವವರ ಹಾಗೆ ಆದರು. ಈಗ ಗಾಜು ಅಡುಗೆಮನೆಯ ಶೆಲ್ಫ್‌ನಲ್ಲಿದೆ. ಕೆಲಸ ಮಾಡಿದ್ದು ಬಾಡಿಗೆ ಕೇಳುಗರು. ಬಾಡಿಗೆ ಎಂದರೆ ಒಂದು ಮಸಾಲೆ ದೋಸೆ. ಮೂವರು ಕಾಲ್‌ನಲ್ಲಿ ಕ್ಯಾಮೆರಾ ಹಾಕಿಕೊಂಡು ಸ್ಪೀಕರ್‌ಗೆ ಮಾತ್ರ ಕಾಣುವ ಹಾಗೆ ಕೂರುತ್ತಾರೆ, ತಲೆ ಆಡಿಸುತ್ತಾರೆ, ನಗುತ್ತಾರೆ. ಖಾಲಿ ಸ್ಕ್ರೀನಿಗೆ ಮಾತಾಡುವ ದನಿಗೂ ಮೂರು ಮುಖಕ್ಕೆ ಮಾತಾಡುವ ದನಿಗೂ ಎಷ್ಟು ವ್ಯತ್ಯಾಸ ಅಂತೀರಿ. ಆ ಮೂವರಿಗೆ ನಾನು ಏನು ಹೇಳಿಕೊಟ್ಟಿರುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಲೈವ್ ಹೋಗುವ ಮುಂಚಿನ ಒಂದೂವರೆ ನಿಮಿಷದಲ್ಲಿ ಸ್ಪೀಕರ್‌ಗೆ ಕೇಳುವ ಒಂದು ಪ್ರಶ್ನೆ ಕೂಡ ಇದೆ, ಅದನ್ನೂ ಬರೆಯುವುದಿಲ್ಲ, ಮುಂದಿನ ಸಲದ ಸ್ಪೀಕರ್‌ಗಳು ಇದನ್ನು ಓದುತ್ತಾರೆ.

ಆ ಡಿಸೆಂಬರ್ ಸಮ್ಮೇಳನದ ಎರಡನೇ ದಿನ, ಬೆಳಗ್ಗೆ ಹನ್ನೊಂದು ಮುಕ್ಕಾಲರ ಸುಮಾರಿಗೆ, ದಾವಣಗೆರೆಯಿಂದ ಒಬ್ಬರು ಸರ್ವರ್‌ಗಳ ಸ್ಥಿತಿಯನ್ನು ಗ್ರಾಫ್‌ನಲ್ಲಿ ತೋರಿಸುವ ಗ್ರಫಾನಾ ತೋರಿಸುತ್ತಾ ಸರ್ವರ್ ಬಿದ್ದರೆ ಅಲರ್ಟ್ ಹೇಗೆ ಬರಬೇಕು ಎಂದು ವಿವರಿಸುತ್ತಿದ್ದರು. ಅವರ ಮುಖ ಅರ್ಧ ಕಣ್ಣು ಮುಚ್ಚಿದ ಹಾಗೇ ನಿಂತುಬಿಟ್ಟಿತು. ಬೀದಿಗೇ ಕರೆಂಟ್ ಇಲ್ಲ. ಮನೆಯಲ್ಲಿ ನಮ್ಮ ಯುಪಿಎಸ್ ಎರಡೂ ಪೆಟ್ಟಿಗೆಗೆ ಹಾಕಿತ್ತು, ಆದರೆ ಬೀದಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೆ ಯಾರು ಹಾಕಿರುತ್ತಾರೆ? ನಮ್ಮ ಕಂಟ್ರೋಲ್ ರೂಮ್‌ನಲ್ಲಿ, ಅಂದರೆ ನನ್ನ ಮಲಗುವ ಕೋಣೆಯಲ್ಲಿ, ಎರಡು ಸೆಕೆಂಡ್ ಯಾರೂ ಉಸಿರಾಡಲಿಲ್ಲ. ಅಷ್ಟರಲ್ಲಿ ಫೋನಿನ ಕಡೆಯಿಂದ ದನಿ ಬಂತು: "ನೋಡಿ, ನಾನು ಹೇಳ್ತಿದ್ದ ಡೌನ್‌ಟೈಮ್ ಇದೇ." ಮಾತು ನಿಲ್ಲಲೇ ಇಲ್ಲ. ನಮ್ಮವನು ಪಿಡಿಎಫ್ ಎಳೆದು ಹದಿನೇಳನೇ ಸ್ಲೈಡ್ ಹಾಕಿದ. ಐವತ್ತು ಸೆಕೆಂಡ್‌ಗೆ ಲ್ಯಾಪ್‌ಟಾಪ್ ಹಾಟ್‌ಸ್ಪಾಟ್ ಮೇಲೆ ವಾಪಸ್ ಬಂತು. ಚಾಟ್‌ನಲ್ಲಿ ಒಬ್ಬರು ಕೇಳಿದ್ದರು, ಇದು ಡೆಮೋನಾ ನಿಜಾನಾ ಅಂತ.

ರೌಟರ್ ಪ್ಲಗ್ ಕೀಳಿಸುವುದು ಹುಚ್ಚಾಟ ಎಂದಿದ್ದ ನಮ್ಮ ತಂಡದವನೇ ಸಂಜೆ ಬಂದು, ಮುಂದಿನ ಸಲ ಮೈಕನ್ನೂ ಕೀಳಿಸೋಣ್ವಾ ಎಂದ. ಅದು ಆಗಲೇ ನನ್ನ ಪಟ್ಟಿಯಲ್ಲಿತ್ತು.

ಆ ವರ್ಷ ಹನ್ನೆರಡು ಮಾತಿನಲ್ಲಿ ಹನ್ನೊಂದು ನೆಟ್ಟಗೆ ನಡೆದವು. ಕೆಟ್ಟದ್ದು ಒಂದೇ, ಅದು ರಿಹರ್ಸಲ್‌ಗೆ ಪುರುಸೊತ್ತಿಲ್ಲ ಎಂದವರದ್ದು. ಖರ್ಚು ಒಂಬತ್ತು ಸಾವಿರದ ಹತ್ತಿರ, ಅದರಲ್ಲಿ ದೋಸೆಯೇ ಎರಡು ಸಾವಿರ ಇರಬೇಕು. ಎಂಟು ಕಿಟ್‌ಗಳಲ್ಲಿ ಐದು ಮಾತ್ರ ವಾಪಸ್ ಬಂದಿವೆ. ಶಿರಸಿಯವರ ಕಿಟ್ ನಾನೇ ಕೇಳಿಲ್ಲ. ಅವರು ತಗಡಿನ ಮಾಡಿನ ಕೆಳಗೆ ಭತ್ತದ ಹುಲ್ಲು ಹರಡಿ ಹಾರ್ಡ್‌ಬೋರ್ಡ್ ಹೊಡೆಸಿದ್ದಾರಂತೆ, ಈ ಮಳೆಗಾಲದಲ್ಲಿ ಒಂದು ರಿಹರ್ಸಲ್ ಇಟ್ಟುಕೊಳ್ಳೋಣ ಎಂದು ಮೆಸೇಜ್ ಮಾಡಿದ್ದಾರೆ.