ನೌಕೆಯ ಗುರಿಲೆಕ್ಕದ ಯಂತ್ರ: ಅದರ ಒಂದು ಭಾಗವನ್ನು ನಾನು ಕಟ್ಟಿದ ಬಗೆ

ಪೀಣ್ಯದ ಟೂಲ್‌ರೂಮುಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ನನಗೆ ಗೇರು, ಕ್ಯಾಮು (ತನ್ನ ಆಕಾರದಿಂದ ಇನ್ನೊಂದು ಭಾಗವನ್ನು ತಳ್ಳಿ ಸರಿಸುವ ತುಂಡು), ಶಾಫ್ಟುಗಳು ಹೊಸವಲ್ಲ. ಆದರೆ ಅವುಗಳಿಂದಲೇ ತ್ರಿಕೋನಮಿತಿಯನ್ನೂ ಕಲನಶಾಸ್ತ್ರವನ್ನೂ ಮಾಡಿಸಿದ್ದಾರೆಂದು ಕಣ್ಣಾರೆ ಕಂಡದ್ದು, ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ವಿಲ್ಮಿಂಗ್ಟನ್ ನಗರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ನಾರ್ತ್ ಕೆರೊಲಿನಾ’ ಯುದ್ಧನೌಕೆಯಲ್ಲಿ. 1941ರಲ್ಲಿ ಸೇವೆಗೆ ಸೇರಿದ ಈ ನೌಕೆಯ ಮೇಲೆ ವಿಮಾನಗಳತ್ತಲೂ ಹಡಗುಗಳತ್ತಲೂ ತಿರುಗಬಲ್ಲ 5 ಇಂಚಿನ 20 ಫಿರಂಗಿಗಳಿದ್ದವು. ಅವುಗಳಿಗೆ ಗುರಿ ತೋರಿಸಲು ಎತ್ತರದಲ್ಲಿ ನಾಲ್ಕು ‘ಮಾರ್ಕ್ 37’ ಡೈರೆಕ್ಟರ್‌ಗಳೂ, ಲೆಕ್ಕ ಮಾಡಲು ನೌಕೆಯ ಒಡಲಿನಲ್ಲಿ ‘ಮಾರ್ಕ್ 1’ ಎಂಬ ಯಂತ್ರಗಳೂ ಇದ್ದವು. ಇವನ್ನು ತಯಾರಿಸಿದ್ದು ಹ್ಯಾನಿಬಲ್ ಫೋರ್ಡ್ ಸ್ಥಾಪಿಸಿದ ಫೋರ್ಡ್ ಇನ್‌ಸ್ಟ್ರುಮೆಂಟ್ ಕಂಪನಿ; ಕಾರು ಮಾಡುವ ಫೋರ್ಡ್ ಬೇರೆ. ಇದರ ಸುಧಾರಿತ ರೂಪವಾದ ‘ಮಾರ್ಕ್ 1ಎ’ ಸುಮಾರು 1,400 ಕಿಲೋ ತೂಗುತ್ತದೆ. ಅದರ ಮುಂದೆ ನಿಂತ ಅರ್ಧ ಗಂಟೆಯಲ್ಲಿಯೇ, ಇದರ ಒಂದು ಭಾಗವನ್ನಾದರೂ ನನ್ನ ಕೈಯಾರೆ ಮಾಡಿ ನೋಡದೆ ಇದು ಅರ್ಥವಾಗುವುದಿಲ್ಲ ಎಂದು ನಿಶ್ಚಯಿಸಿದೆ.

ಯಂತ್ರದ ಮುಂದಿದ್ದ ಸಮಸ್ಯೆಯನ್ನು ಮೊದಲು ಹೇಳಬೇಕು. 200 ನಾಟ್ ವೇಗದ ವಿಮಾನವೊಂದು ಸೆಕೆಂಡಿಗೆ ಸುಮಾರು 103 ಮೀಟರ್ ಸಾಗುತ್ತದೆ. ಗುಂಡು ಹತ್ತು ಸೆಕೆಂಡು ಗಾಳಿಯಲ್ಲಿದ್ದರೆ ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆದ್ದರಿಂದ ವಿಮಾನ ಇರುವಲ್ಲಿಗಲ್ಲ, ಇರಲಿರುವಲ್ಲಿಗೆ ಹೊಡೆಯಬೇಕು. ಅದು ಎಲ್ಲಿರುತ್ತದೆ ಎಂಬುದು ಗುಂಡಿನ ಹಾರಾಟದ ಸಮಯವನ್ನು ಅವಲಂಬಿಸಿದೆ. ಆ ಸಮಯವಾದರೋ ವಿಮಾನ ಎಲ್ಲಿರುತ್ತದೆ ಎಂಬುದನ್ನೇ ಅವಲಂಬಿಸಿದೆ. ಕಾಗದದ ಮೇಲೆ ಇದನ್ನು ಸುತ್ತು ಸುತ್ತಾಗಿ ಬಿಡಿಸಬಹುದು. ಗುಂಡಿನ ವೇಗ ಒಂದೇ ಸಮನೆ ಸೆಕೆಂಡಿಗೆ 600 ಮೀಟರ್ ಎಂದುಕೊಂಡು, 6,000 ಮೀಟರ್ ದೂರದಿಂದ ಸೆಕೆಂಡಿಗೆ 100 ಮೀಟರಿನಂತೆ ನೇರ ನಮ್ಮ ಕಡೆಗೆ ಬರುವ ವಿಮಾನಕ್ಕೆ ಲೆಕ್ಕ ಹಾಕಿದರೆ ಉತ್ತರ 10 ಸೆಕೆಂಡಿನಿಂದ ಹೊರಟು 8.33, 8.61, 8.56 ಎಂದು ಓಲಾಡುತ್ತ 8.57ರಲ್ಲಿ ನಿಲ್ಲುತ್ತದೆ. ಯಂತ್ರದಲ್ಲಿ ಈ ಸುತ್ತುಗಳೇ ಇಲ್ಲ. ಸಮಯದ ಶಾಫ್ಟು ದೂರದ ಶಾಫ್ಟನ್ನು ತಿರುಗಿಸುತ್ತದೆ, ದೂರದ ಶಾಫ್ಟು ಕ್ಯಾಮಿನ ಮೂಲಕ ಸಮಯದ ಶಾಫ್ಟನ್ನು ತಿರುಗಿಸುತ್ತದೆ, ಎರಡೂ ಪರಸ್ಪರ ಒಪ್ಪುವ ಜಾಗದಲ್ಲಿ ತಾವಾಗಿಯೇ ನಿಲ್ಲುತ್ತವೆ.

ಇಡೀ ಯಂತ್ರವನ್ನು ಕಟ್ಟುವುದು ಒಬ್ಬನ ಕೆಲಸವಲ್ಲ. ಹಡಗಿನ ಓಲಾಟ, ಗಾಳಿ, ವಿಮಾನದ ಎತ್ತರ ಇವೆಲ್ಲವನ್ನೂ ಬಿಟ್ಟು, ಸಮತಲದಲ್ಲಿ ಚಲಿಸುವ ಗುರಿಯ ದೂರವನ್ನೂ ದಿಕ್ಕನ್ನೂ ಕ್ಷಣಕ್ಷಣಕ್ಕೂ ಉತ್ಪಾದಿಸುವ ಭಾಗವನ್ನು ಮಾತ್ರ ಆರಿಸಿಕೊಂಡೆ. ಅಮೆರಿಕದ ನೌಕಾಪಡೆ ತನ್ನ ತಂತ್ರಜ್ಞರ ತರಬೇತಿಗೆಂದು 1944ರಲ್ಲಿ ಮುದ್ರಿಸಿದ ಕೈಪಿಡಿಯ ಚಿತ್ರಗಳು ನನಗೆ ದಾರಿ ತೋರಿದವು. ಅಷ್ಟು ಸ್ಪಷ್ಟವಾದ ತಾಂತ್ರಿಕ ಚಿತ್ರಗಳನ್ನು ನನ್ನ ವೃತ್ತಿಜೀವನದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಮಾಡಿದ್ದು ವೇಗವನ್ನು ಎರಡಾಗಿ ಒಡೆಯುವ ಸಾಧನ. ತಿರುಗುವ ಹಿತ್ತಾಳೆ ಫಲಕದ ಮೇಲೆ ಒಂದು ಪಿನ್ ಇದೆ. ಕೇಂದ್ರದಿಂದ ಅದರ ದೂರವೇ ಗುರಿಯ ವೇಗ, ಫಲಕ ತಿರುಗಿದ ಕೋನವೇ ಗುರಿಯ ಪಥಕ್ಕೂ ನಮ್ಮ ದೃಷ್ಟಿರೇಖೆಗೂ ನಡುವಿನ ಕೋನ. ಆ ಪಿನ್ ಅಡ್ಡ ತೋಡಿರುವ ಎರಡು ಜಾರುಪಟ್ಟಿಗಳನ್ನು ತಳ್ಳಿದಾಗ ಒಂದು ಪಟ್ಟಿ ಕೊಸೈನ್ ಭಾಗವನ್ನು, ಅಂದರೆ ದೂರ ಬದಲಾಗುವ ವೇಗವನ್ನು ಕೊಡುತ್ತದೆ. ಇನ್ನೊಂದು ಸೈನ್ ಭಾಗವನ್ನು, ಅಂದರೆ ಅಡ್ಡಕ್ಕೆ ಸರಿಯುವ ವೇಗವನ್ನು ಕೊಡುತ್ತದೆ. ಇದು ಒಂದು ವಾರದಲ್ಲಿ ಮುಗಿಯಿತು. ಕೂಡಿಸಿ ಕಳೆಯುವುದಕ್ಕೆ ಡಿಫರೆನ್ಷಿಯಲ್ ಗೇರು ಸಾಕಾದ್ದರಿಂದ ಅದೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಇಂಟಿಗ್ರೇಟರ್, ಅಂದರೆ ಬದಲಾಗುವ ವೇಗವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗುವ ಸಾಧನ. ಸ್ಥಿರ ವೇಗದಲ್ಲಿ ತಿರುಗುವ ಉಕ್ಕಿನ ತಟ್ಟೆ, ಅದರ ಮೇಲೆ ಬೇರಿಂಗ್ ಗುಂಡುಗಳ ಗೂಡು, ಗುಂಡುಗಳ ಮೇಲೆ ರೋಲರ್. ಗೂಡು ತಟ್ಟೆಯ ಕೇಂದ್ರದಲ್ಲಿದ್ದರೆ ರೋಲರ್ ತಿರುಗುವುದಿಲ್ಲ. ಕೇಂದ್ರದಿಂದ ದೂರ ಸರಿದಷ್ಟೂ ಬೇಗ ತಿರುಗುತ್ತದೆ. ಕೇಂದ್ರದ ಆಚೆ ಹೋದರೆ ಹಿಮ್ಮುಖವಾಗುತ್ತದೆ. ತಟ್ಟೆ ಕಾಲ, ಗೂಡಿನ ಸ್ಥಾನ ವೇಗ, ರೋಲರ್ ತಿರುಗಿದ ಒಟ್ಟು ಮೊತ್ತ ಕ್ರಮಿಸಿದ ದೂರ. ನಾನು ಮೊದಲು ಒಂದೇ ಗುಂಡು ಹಾಕಿದ್ದೆ. ಗೂಡನ್ನು ಪಕ್ಕಕ್ಕೆ ಸರಿಸಿದಾಗಲೆಲ್ಲ ಗುಂಡು ತಟ್ಟೆಯನ್ನು ಉಜ್ಜಿ, ಮೂರನೆಯ ದಿನಕ್ಕೇ ತಟ್ಟೆಯ ಮೇಲೆ ಬರೆಗಳು ಮೂಡಿದವು. ಫೋರ್ಡ್ ಒಂದರ ಮೇಲೊಂದು ಎರಡು ಗುಂಡುಗಳನ್ನಿಟ್ಟದ್ದು ಏಕೆಂದು ಆಗ ತಿಳಿಯಿತು: ಗೂಡು ಪಕ್ಕಕ್ಕೆ ಸರಿದಾಗ ಅವು ಒಂದರ ಮೇಲೊಂದು ಉರುಳುತ್ತವೆಯೇ ಹೊರತು ಉಜ್ಜುವುದಿಲ್ಲ. ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ಅರ್ಧ ಇಂಚಿನ ಬೇರಿಂಗ್ ಗುಂಡುಗಳನ್ನು ಹಾಕಿ, ತಟ್ಟೆಯನ್ನು ಹದಮಾಡಿಸಿ ಲ್ಯಾಪಿಂಗ್ ಮಾಡಿದ ಮೇಲೆ ಲೆಕ್ಕ ಸರಿಬಂತು. ರೋಲರಿನ ತ್ರಿಜ್ಯ 10 ಮಿಲಿಮೀಟರ್. ಗೂಡನ್ನು 25 ಮಿಲಿಮೀಟರ್ ಸರಿಸಿ ತಟ್ಟೆಯನ್ನು ನೂರು ಸುತ್ತು ತಿರುಗಿಸಿದರೆ ರೋಲರ್ 250 ಸುತ್ತು ತಿರುಗಬೇಕು. ಅಷ್ಟೇ ತಿರುಗಿದ ದಿನ ನಾನು ಬಹಳ ಹೊತ್ತು ಬೆಂಚಿನ ಬಳಿಯೇ ಕುಳಿತಿದ್ದೆ.

ಆದರೆ ಆ ರೋಲರಿಗೆ ಒಂದು ಗೇರನ್ನು ಜೋಡಿಸಿದ ತಕ್ಷಣ ಅದು ಜಾರತೊಡಗಿತು. ಒತ್ತುವ ಸ್ಪ್ರಿಂಗನ್ನು ಬಿಗಿ ಮಾಡಿದರೆ ತಟ್ಟೆಗೆ ಗಾಯ, ಸಡಿಲಿಸಿದರೆ ಜಾರಾಟ. ಮೂಲ ಯಂತ್ರದಲ್ಲಿ ಇಂಥ ಕಡೆ ಸೂಕ್ಷ್ಮ ಶಾಫ್ಟು ಭಾರ ಎಳೆಯುವುದಿಲ್ಲ. ಅದು ವಿದ್ಯುತ್ ಸಂಪರ್ಕಗಳನ್ನು ಮುಟ್ಟಿಸುತ್ತದೆ, ಮೋಟಾರೊಂದು ಅದನ್ನು ಹಿಂಬಾಲಿಸಿ ಭಾರ ಎಳೆಯುತ್ತದೆ. ಹಾಗೆಯೇ ಮಾಡಿದೆ. ಮೋಟಾರು ಗುರಿ ದಾಟಿ ಹಿಂದೆ ಮುಂದೆ ನಡುಗುತ್ತಿದ್ದುದನ್ನು ತಡೆಯಲು ಅದರ ಶಾಫ್ಟಿಗೆ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಕೂರಿಸಿ, ಎರಡು ಆಯಸ್ಕಾಂತಗಳ ನಡುವೆ ತಿರುಗಲು ಬಿಟ್ಟೆ.

ದಿಕ್ಕಿನ ಲೆಕ್ಕಕ್ಕೆ ಅಡ್ಡವೇಗವನ್ನು ದೂರದಿಂದ ಭಾಗಿಸಬೇಕು. ಎರಡು ಇಂಟಿಗ್ರೇಟರ್‌ಗಳನ್ನು ಸಾಲಾಗಿ ಇಟ್ಟರೆ ಇದು ಸಾಧ್ಯ. ಮೊದಲನೆಯದರ ಗೂಡನ್ನು ದೂರದ ವಿಲೋಮಕ್ಕೆ ತಕ್ಕಂತೆ ಕೊರೆದ ಕ್ಯಾಮು ಸರಿಸುತ್ತದೆ, ಅದರ ರೋಲರ್ ಎರಡನೆಯದರ ತಟ್ಟೆಯನ್ನು ತಿರುಗಿಸುತ್ತದೆ, ಎರಡನೆಯದರ ಗೂಡನ್ನು ಅಡ್ಡವೇಗ ಸರಿಸುತ್ತದೆ. ನನ್ನ ಕ್ಯಾಮಿನಲ್ಲಿ 10,000 ಮೀಟರಿಗೆ 5 ಮಿಲಿಮೀಟರ್, 2,000 ಮೀಟರಿಗೆ 25 ಮಿಲಿಮೀಟರ್. ಅದಕ್ಕಿಂತ ಹತ್ತಿರದಲ್ಲಿ ಕ್ಯಾಮಿನ ತೋಡು ಎಷ್ಟು ಕಡಿದಾಗುತ್ತದೆಂದರೆ ಹಿಂಬಾಲಿಸುವ ಪಿನ್ ಸಿಕ್ಕಿಕೊಳ್ಳುತ್ತದೆ.

ಎಲ್ಲವನ್ನೂ ಜೋಡಿಸಿ ಮೊದಲ ಪರೀಕ್ಷೆ ಮಾಡಿದೆ: ದೂರ 6,000 ಮೀಟರ್, ವೇಗ ಸೆಕೆಂಡಿಗೆ 100 ಮೀಟರ್, ದೃಷ್ಟಿರೇಖೆಯಿಂದ 30 ಡಿಗ್ರಿ ಓರೆಯಾಗಿ ಸಮೀಪಿಸುವ ಗುರಿ. ಮೂವತ್ತು ಸೆಕೆಂಡುಗಳ ಕೊನೆಗೆ ಡಯಲ್ ಸುಮಾರು 3,400 ಮೀಟರ್ ತೋರಿಸಿತು. ಕಾಗದದ ಲೆಕ್ಕ 3,718. ಮುನ್ನೂರು ಮೀಟರಿನ ಈ ತಪ್ಪಿಗೆ ಗೇರುಗಳ ಸಡಿಲವೇ ಕಾರಣವೆಂದು ಎರಡು ವಾರ ಹುಡುಕಿದೆ. ತಪ್ಪು ಗೇರಿನಲ್ಲಿರಲಿಲ್ಲ. ಗುರಿ ಪಕ್ಕಕ್ಕೆ ಸರಿದಂತೆ ದೃಷ್ಟಿರೇಖೆಯೂ ತಿರುಗುತ್ತದೆ, ಆದ್ದರಿಂದ ಆ 30 ಡಿಗ್ರಿ 30 ಆಗಿ ಉಳಿಯುವುದಿಲ್ಲ. ಮೂವತ್ತು ಸೆಕೆಂಡಿನಲ್ಲಿ ದೃಷ್ಟಿರೇಖೆ ಸುಮಾರು 24 ಡಿಗ್ರಿ ತಿರುಗಿರುತ್ತದೆ. ದಿಕ್ಕಿನ ಶಾಫ್ಟನ್ನು ಮರಳಿ ವೇಗ ಒಡೆಯುವ ಫಲಕಕ್ಕೆ ಜೋಡಿಸಿ ಉತ್ತರವನ್ನು ಪ್ರಶ್ನೆಯೊಳಕ್ಕೆ ತಂದಾಗ ಡಯಲ್ 3,700ರಿಂದ 3,730ರ ನಡುವೆ ನಿಲ್ಲತೊಡಗಿತು.

ಈ ಮರಳಿ ಜೋಡಿಸುವಿಕೆಯೇ ‘ಮಾರ್ಕ್ 1’ರ ಪ್ರಾಣವೆಂದು ನನ್ನ ಅಭಿಪ್ರಾಯ. ವಿಮಾನಗಳಿಗೆ ಗುರಿಯಿಡುವ ಬ್ರಿಟಿಷ್ ನೌಕೆಗಳ ‘ಹ್ಯಾಕ್ಸ್’ ವ್ಯವಸ್ಥೆಯ ಮೂಲರೂಪದಲ್ಲಿ ಗುರಿಯ ವೇಗವನ್ನೂ ಪಥವನ್ನೂ ಅಧಿಕಾರಿ ಕಣ್ಣಂದಾಜಿನಿಂದ ಕೊಡಬೇಕಿತ್ತು. ‘ಮಾರ್ಕ್ 1’ ಸಹ ಅಂದಾಜಿನಿಂದಲೇ ಆರಂಭಿಸುತ್ತದೆ. ಆದರೆ ತಾನು ಉತ್ಪಾದಿಸಿದ ದೂರ ಮತ್ತು ದಿಕ್ಕನ್ನು ಡೈರೆಕ್ಟರ್ ಕಂಡದ್ದರೊಂದಿಗೆ ಹೋಲಿಸಿ, ವ್ಯತ್ಯಾಸದಿಂದಲೇ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಎರಡೂ ಹೊಂದಿ ನಡೆಯುತ್ತಿದ್ದರೆ ಗುರಿಯ ನಿಜವಾದ ವೇಗ ಮತ್ತು ಪಥ ಸಿಕ್ಕಂತೆ. ವಿಮಾನ ನೇರ ರೇಖೆಯಲ್ಲಿ ಒಂದೇ ವೇಗದಲ್ಲಿ ಸಾಗುತ್ತದೆ ಎಂಬ ನಂಬಿಕೆ ಅದರ ತಳದಲ್ಲಿದೆ. ತಿರುವು ತೆಗೆದುಕೊಳ್ಳುವ ವಿಮಾನಕ್ಕೆ ಆ ನಂಬಿಕೆ ಸುಳ್ಳಾಗುತ್ತದೆ. ಗುಂಡು ಸಿಡಿಯಬೇಕಾದ ಕ್ಷಣವನ್ನೂ ಯಂತ್ರವೇ ಲೆಕ್ಕ ಮಾಡಿ, ಗುಂಡನ್ನು ಸಿಡಿಸುವ ಸಾಧನವಾದ ಫ್ಯೂಜಿಗೆ ಕೊಡಬೇಕಿತ್ತು. ಗುರಿಯ ಸಾಮೀಪ್ಯವನ್ನು ರೇಡಿಯೊ ಅಲೆಗಳಿಂದ ತಾನೇ ಅರಿಯುವ ಫ್ಯೂಜು 1943ರ ಜನವರಿಯಲ್ಲಿ ‘ಹೆಲೆನಾ’ ನೌಕೆಯಿಂದ ಮೊದಲ ವಿಮಾನವನ್ನು ಕೆಡವಿದ ಮೇಲೆ, ಅಂಥ ಗುಂಡುಗಳ ಮಟ್ಟಿಗೆ ಆ ಹೊರೆ ಇಳಿಯಿತು.

ಈಗ ಬೆಂಚಿನ ಮೇಲಿರುವುದು ಹಾರಾಟದ ಸಮಯದ ಕ್ಯಾಮು. ನಿಜವಾದ ಗುಂಡು ಗಾಳಿಯಲ್ಲಿ ನಿಧಾನವಾಗುತ್ತ ಹೋಗುವುದರಿಂದ ನನ್ನ 600 ಮೀಟರಿನ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೂರ ಮತ್ತು ಎತ್ತರದ ಕೋನ ಎರಡಕ್ಕೂ ತಕ್ಕಂತೆ ಮೈ ಏರಿಳಿಯುವ ಪೀಪಾಯಿಯಂಥ ಲೋಹದ ಕ್ಯಾಮು ಬೇಕು. ಬಿಂದು ಬಿಂದುವಾಗಿ ಮಿಲ್ಲಿಂಗ್ ಮಾಡಿ, ಬಿಂದುಗಳ ನಡುವಿನ ದಿಣ್ಣೆಗಳನ್ನು ಅರದಿಂದ ತೀಡುತ್ತಿದ್ದೇನೆ. ಅರ್ಧ ಉದ್ದ ಮುಗಿದಿದೆ.