ರಾಯಚೂರು ಕೋಟೆಯ ಬುಡದಲ್ಲಿ ನಿಂತು ಯುದ್ಧ ಕಲಿಸಿದ್ದು

ನಾನು ತೋಪಖಾನೆಯಲ್ಲಿ ಹವಾಲ್ದಾರ್ ಆಗಿದ್ದೆ. ನಿವೃತ್ತಿಯಾಗಿ ರಾಯಚೂರಿಗೆ ಬಂದ ಮೇಲೆ ಒಂದು ಹೈಸ್ಕೂಲಿನವರು 1520ರ ರಾಯಚೂರು ಯುದ್ಧದ ಬಗ್ಗೆ ಮಾತಾಡಲು ಕರೆದರು. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಒಂದು ತಾಸು ಹೇಳಿದೆ. ವಿಜಯನಗರದ ಕೃಷ್ಣದೇವರಾಯ ಗೆದ್ದ, ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಸೋತ ಅನ್ನೋದು ಮಕ್ಕಳಿಗೆ ಮೊದಲೇ ಗೊತ್ತಿತ್ತು. ಹೇಗೆ ಗೆದ್ದ ಅನ್ನೋದು ಮಾತ್ರ ಕೊನೆಗೂ ಅವರಿಗೆ ಮುಟ್ಟಲಿಲ್ಲ.

ಫೌಜಿನಲ್ಲಿ ಹೊರಡುವ ಮೊದಲು ಹೋಗುವ ಜಾಗವನ್ನು ಮಣ್ಣಿನಲ್ಲಿ ಮಾಡಿ ತೋರಿಸುತ್ತಾರೆ. ಸ್ಯಾಂಡ್ ಮಾಡೆಲ್ ಅಂತಾರೆ. ಮರುವಾರ ಶಾಲೆಯ ಅಂಗಳದಲ್ಲಿ ಅದನ್ನೇ ಮಾಡಿದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಮ್ಮೂರು. ಜೋಳದ ಕಾಳು ವಿಜಯನಗರದ ಸೈನ್ಯ, ತೊಗರಿ ಬಿಜಾಪುರದ್ದು, ಇದ್ದಿಲ ಚೂರು ತೋಪುಗಳು.

ಬಿಜಾಪುರದವರ ಕೈಲಿದ್ದ ರಾಯಚೂರು ಕೋಟೆಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದ. ಅದನ್ನು ಬಿಡಿಸಲು ಆದಿಲ್ ಶಾ ಕೃಷ್ಣೆ ದಾಟಿ ಈಚೆ ಬಂದ. ಹೊಳೆ ಅವನ ಬೆನ್ನಿಗೆ ಬಿತ್ತು. ಮೇ ತಿಂಗಳ ಒಂದು ಬೆಳಗ್ಗೆ ವಿಜಯನಗರದ ಮುಂದಿನ ಸಾಲು ನುಗ್ಗಿತು. ಬಿಜಾಪುರದ ತೋಪುಗಳು ಒಟ್ಟಿಗೆ ಹಾರಿದವು. ಸಾಲು ಮುರಿದು ಓಡಿತು. ಇಲ್ಲಿ ಮಕ್ಕಳನ್ನು ನಿಲ್ಲಿಸಿ ಕೇಳಿದೆ: "ಈಗ ಆ ತೋಪುಗಳು ಏನು ಮಾಡ್ತಿವೆ?"

ಯಾರೂ ಹೇಳಲಿಲ್ಲ. ನಾನು ಕೆಲಸ ಮಾಡಿದ 105 ಮಿಲಿಮೀಟರ್ ತೋಪಿಗೆ ಗುಂಡು ತುಂಬಲು ಕೆಲವೇ ಸೆಕೆಂಡು ಸಾಕು. ಆ ಕಾಲದ ತೋಪಿಗೆ ಕೊಳವೆ ಒರೆಸಬೇಕು, ಮದ್ದು ಸುರಿಯಬೇಕು, ಗಿಡಿಯಬೇಕು, ಗುಂಡು ಇಳಿಸಬೇಕು, ಮತ್ತೆ ಗುರಿ ಇಡಬೇಕು. ಅಷ್ಟು ಹೊತ್ತು ಅದು ಸುಮ್ನೆ ಬಿದ್ದಿರುವ ಕಬ್ಬಿಣ. ಇತ್ತ ಬಿಜಾಪುರದವರು ಓಡುವವರ ಬೆನ್ನು ಹತ್ತಿ ಚದುರಿದ್ದರು. ಕೃಷ್ಣದೇವರಾಯ ಎರಡನೇ ಸಾಲನ್ನು ಹಾಗೇ ಉಳಿಸಿಕೊಂಡಿದ್ದ. ತಾನೇ ಕುದುರೆ ಹತ್ತಿ ಅದನ್ನು ಮುಂದೆ ತಂದ. ಮೀಸಲು ಪಡೆಯ ಬೆಲೆ ಇದೇ ಅಲ್ವಾ? ತೊಗರಿ ಕಾಳುಗಳನ್ನು ಮಕ್ಕಳೇ ಹೊಳೆಗೆ ತಳ್ಳಿದರು. ಆದಿಲ್ ಶಾ ಆನೆ ಮೇಲೆ ಹೊಳೆ ದಾಟಿ ತಪ್ಪಿಸಿಕೊಂಡ.

ಕೋಟೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಅದನ್ನು ಕೋಟೆಯಲ್ಲೇ ತೋರಿಸಬೇಕು ಅಂತ ಎಲ್ಲರನ್ನೂ ಕರೆದುಕೊಂಡು ಹೋದೆ. ಇಬ್ಬರನ್ನು ಬುರುಜಿನ ಮೇಲೆ ನಿಲ್ಲಿಸಿ ಕೈಗೆ ಬಿದಿರಿನ ಗಳ ಕೊಟ್ಟೆ. ಅದೇ ತೋಪು. ಉಳಿದವರು ದೂರದಿಂದ ಗೋಡೆಯ ಕಡೆ ನಡೆದು ಬರಬೇಕು. ಮೊದಮೊದಲು ಗಳದ ತುದಿ ಅವರನ್ನು ಹಿಂಬಾಲಿಸಿತು. ಬುಡದ ಹತ್ತಿರ ಬರುತ್ತಿದ್ದಂತೆ ಮೇಲಿನಿಂದ ಕೂಗು ಬಂತು: "ಕೆಳಗಿನೋರು ಕಾಣವಲ್ರು ಸರ್!" ಗಳ ಬಗ್ಗಿಸು ಅಂದೆ. ಕಲ್ಲು ಅಡ್ಡ ಬಂತು. ನಿಜವಾದ ತೋಪನ್ನು ಅಷ್ಟು ಬಗ್ಗಿಸಿದರೆ ಗುಂಡೇ ಮುಂದಕ್ಕೆ ಉರುಳಿ ಬೀಳಬಹುದು. ಗುಂಡು ತಾಕದ ಇಂಥ ಜಾಗಕ್ಕೆ ನಾವು ಡೆಡ್ ಗ್ರೌಂಡ್ ಅನ್ನುತ್ತಿದ್ದೆವು.

ವಿಜಯನಗರದವರು ಅಲ್ಲೇ ಹಾರೆ, ಗುದ್ದಲಿ ಹಿಡಿದು ಗೋಡೆಯ ಕಲ್ಲು ಕಿತ್ತರು. ಮೇಲಿನಿಂದ ಬಾಣ, ಕಲ್ಲು ಬೀಳುತ್ತಲೇ ಇದ್ದವು, ಜನ ಸಾಯುತ್ತಲೇ ಇದ್ದರು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನೀಜ್ ಬರೆದಿಟ್ಟಿದ್ದಾನೆ: ಕಿತ್ತ ಕಲ್ಲಿಗೆ ಅದರ ಗಾತ್ರ ನೋಡಿ ಸೇನಾ ನಾಯಕರು 10ರಿಂದ 50 ಹಣ ಕೊಡುತ್ತಿದ್ದರು. ಹಣ ಅಂದರೆ ಆಗಿನ ಸಣ್ಣ ಚಿನ್ನದ ನಾಣ್ಯ. ಆಮೇಲೆ ಕ್ರಿಸ್ತೋವಾವ್ ದ ಫಿಗೇರೆದು ಎಂಬ ಪೋರ್ಚುಗೀಸನ ಕೋವಿಗಾರರು ಬಂದರು. ಗೋಡೆ ಮೇಲೆ ತಲೆ ಎತ್ತಿದವರಿಗೆ ಗುರಿ ಇಟ್ಟರು. ಕೆಳಗಿನವರ ಕೆಲಸ ಜೋರಾಯಿತು.

ಇದನ್ನು ಹೇಳುತ್ತಿರುವಾಗಲೇ ಬುರುಜಿನ ಮೇಲಿದ್ದ ಹುಡುಗ ಕೆಳಗಿನವರನ್ನು ನೋಡಲು ಸೊಂಟದವರೆಗೆ ಹೊರಗೆ ಬಾಗಿದ. ಪಕ್ಕದಲ್ಲಿದ್ದ ಮೇಷ್ಟ್ರು ಅಂಗಿ ಹಿಡಿದು ಎಳೆದರು. ನನ್ನ ಎದೆ ಝಲ್ ಎಂದಿತು. ಕೋಟೆಯ ಅಧಿಕಾರಿ ಸತ್ತದ್ದೂ ಹೀಗೇ. ಗೋಡೆಯ ಬುಡದಲ್ಲಿ ಏನು ನಡೀತಿದೆ ಅಂತ ನೋಡಲು ಬಾಗಿದ, ಹಣೆಗೆ ಗುಂಡು ಬಿತ್ತು. ಆಮೇಲೆ ಒಳಗಿನವರು ಹೆಚ್ಚು ದಿನ ತಡೆಯಲಿಲ್ಲ, ಶರಣಾದರು.

ವಾಪಸ್ ಬರುವಾಗ ಒಂದು ಹುಡುಗಿ ಕೇಳಿದಳು: "ಕಲ್ಲು ಕಿತ್ತವ ಹಣ ತಗೊಳ್ಳೋ ಮೊದಲೇ ಸತ್ತರೆ, ಅವರ ಮನೆಯೋರಿಗೆ ಕೊಡ್ತಿದ್ರಾ ಸರ್?"

ನಾನು 22 ವರ್ಷ ತೋಪಿನ ಹತ್ತಿರ ಇದ್ದವನು. ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮೊದಲೆಲ್ಲ ಮಾಡೆಲ್ ಮೇಲೆ ಸತ್ತವರ ಕಾಳು ಆರಿಸಿ ಮತ್ತೆ ಡಬ್ಬಿಗೆ ಹಾಕುತ್ತಿದ್ದೆ. ಈಗ ಪಾಠ ಮುಗಿಯುವವರೆಗೂ ಬಿದ್ದಲ್ಲೇ ಬಿಡುತ್ತೇನೆ.